ಹಲ್ಲಿನ ಗುರುತು

ಗೆದ್ದ ಸುದ್ದಿ ಬಂದಾಗ ಅವನ ಎರಡೂ ಕೈಗಳಿಗೆ ಸೋಪು ಮೆತ್ತಿತ್ತು, ನಲ್ಲಿಯಲ್ಲಿ ನೀರು ನಿಂತುಹೋಗಿತ್ತು. ನಲ್ಲಿಯ ತಿರುಪನ್ನು ಮೊಣಕೈಯಿಂದ ಆಚೀಚೆ ತಳ್ಳುತ್ತ, ಇದಕ್ಕೆ ಯಾರನ್ನು ಬೈದರೆ ಸರಿಹೋದೀತೆಂದು ಯೋಚಿಸುತ್ತಿದ್ದಾಗ ಹಿಂದಿನಿಂದ, ಕೆಳಗಿನ ಜೀನ್ ಲ್ಯಾಬಿನವರಾದ್ದರಿಂದ ಎಲ್ಲರಿಗೂ ಜೀನ್ ಮೇಡಂ ಆಗಿದ್ದವರು ಬಂದು, 'ಸರ್, ಗೆದ್ದುಬಿಟ್ರಿ' ಅಂದರು. ನೀರಿನ ವಿಷಯವೇ ಇರಬೇಕೆಂದುಕೊಂಡು ಅವನು, 'ಎಲ್ಲಿ ಬಂತು?' ಅಂದ. 'ನೀರಲ್ಲ ಸರ್, ನಿಮ್ಮ ಪಾಚಿ. ಅದು ಬೇರೆ ಪ್ರಭೇದವೇ. ಮೂರು ಜೀನ್ ನೋಡ್ದೆ. ಮೂರರಲ್ಲೂ ವಂಶವೃಕ್ಷದಲ್ಲಿ ಹಳೇದನ್ನ ಬಿಟ್ಟು ಬೇರೆ ಕೊಂಬೆಗೇ ಹೋಗಿ ಕೂತ್ಕೊಂಡಿದೆ. ಇಷ್ಟು ವರ್ಷ ನೀವು ಹೇಳ್ತಾ ಇದ್ದಿದ್ದೇ ಸರಿ.' ಹೀಗೆ ಹೇಳಿ ಅವರು ತಮ್ಮ ಬಾಟಲಿಯ ಮುಚ್ಚಳ ತೆಗೆದು ಅವನ ಕೈಮೇಲೆ ನೀರು ಸುರಿದರು. ಸೋಪು ಹೋಯಿತು. 'ಥ್ಯಾಂಕ್ಸ್' ಅಂದ. ನೀರಿಗೆ ಅಂದದ್ದೋ ಪಾಚಿಗೆ ಅಂದದ್ದೋ ಅವನಿಗೇ ತಿಳಿಯಲಿಲ್ಲ.

ಸಂತೋಷ ಆಗಬೇಕಿತ್ತು. ಆಗುವ ಹೊತ್ತಿಗೆ ಆಗಲಿ ಎಂದು ಅವನು ಒದ್ದೆ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಕಾರಿಡಾರಿನಲ್ಲಿ ನಿಧಾನವಾಗಿ ನಡೆದ. ವರ್ಷಗಟ್ಟಲೆ ಹೆಗಲು ಕೊಟ್ಟು ಒತ್ತುತ್ತಿದ್ದ ಬಾಗಿಲನ್ನು ಒಳಗಿನಿಂದ ಯಾರೋ, ಅಯ್ಯೋ ಚಿಲಕವನ್ನೇ ಹಾಕಿರಲಿಲ್ಲವಲ್ಲ ಎಂದು ತೆಗೆದುಬಿಟ್ಟಂತಿತ್ತು. ಒಳಗೆ ಹೋಗುವುದಕ್ಕಿಂತ ಮೊದಲು ಈ ಹೆಗಲನ್ನು ಏನು ಮಾಡುವುದು ಎನ್ನುವುದೇ ಪ್ರಶ್ನೆಯಾಯಿತು. ಧ್ರುವದ ಕಡಲಿನ ಕೆಂಪು ಪಾಚಿಗಳನ್ನು ಆಕಾರ ನೋಡಿ ವಿಂಗಡಿಸುವುದು ಅವನ ಕೆಲಸ. ಧ್ರುವವನ್ನಾಗಲಿ ಆ ಕಡಲನ್ನಾಗಲಿ ಅವನು ಕಂಡವನಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೂ ಹೊಟ್ಟೆ ತೊಳಸುವವನನ್ನು ಹಡಗು ಹತ್ತಿಸುವ ಧೈರ್ಯ ಯಾವ ವೈದ್ಯನಿಗೂ ಬಂದಿರಲಿಲ್ಲ. ಬೇರೆಯವರು ಮಂಜುಗಡ್ಡೆ ಕೊರೆದು, ಮುಳುಗಿ, ಬೆರಳು ಮರಗಟ್ಟಿಸಿಕೊಂಡು ಕಿತ್ತು ತಂದದ್ದು ದಪ್ಪ ಕಾಗದದ ಮೇಲೆ ಒಣಗಿ, ತನ್ನದೇ ಅಂಟಿನಿಂದ ಅಂಟಿಕೊಂಡು ಅವನ ಮೇಜಿಗೆ ಬರುತ್ತಿತ್ತು. ಅಂಗೈಯಗಲದ, ನಾಲಿಗೆಯಂಥ, ಬೆಳಕಿಗೆ ಹಿಡಿದರೆ ರಕ್ತದಂತೆ ಕೆಂಪಗೆ ಹೊಳೆಯುವ ಹಾಳೆಗಳು. ಅಂಥ ಹಾಳೆಗಳ ಒಂದು ಕಟ್ಟಿನಲ್ಲಿ, ಎಲ್ಲರೂ ಹಳೆಯ ಸಾಮಾನ್ಯ ಪ್ರಭೇದವೆಂದು ಬದಿಗಿಟ್ಟದ್ದರಲ್ಲಿ, ಒಂದರ ಅಂಚಿನ ತುಂಬ ಸಣ್ಣ ಸಣ್ಣ ಹಲ್ಲುಗಳಿರುವುದನ್ನು ಅವನು ಕಂಡಿದ್ದ. ಹಳೆಯದರ ಅಂಚು ನುಣುಪು. ಇದು ಬೇರೆ ಎಂದು ಬರೆದ, ಹಲ್ಲುಳ್ಳದ್ದು ಎಂಬ ಅರ್ಥದಲ್ಲಿ ದಂತುರ ಎಂದು ಹೆಸರಿಟ್ಟ. ಆಗ ಅವನಿಗೆ ತಲೆತುಂಬ ಕೂದಲಿತ್ತು.

ಆಮೇಲೆ ಆ ಸಭೆ. ಅದನ್ನು ನೆನೆಯಬಾರದು ಎಂದುಕೊಂಡ ದಿನವೆಲ್ಲ ಅದನ್ನೇ ನೆನೆದಿದ್ದಾನೆ, ಹಾಗಾಗಿ ಈಗ ಅದು ನಡೆದದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿದೆ. ಮಧ್ಯಾಹ್ನದ ಊಟವಾದ ಮೇಲಿನ ಹೊತ್ತು. ಅವನು ವೇದಿಕೆಯ ಮೇಲೆ ಹಲ್ಲುಗಳ ಬಗ್ಗೆ, ಪ್ರತಿ ಹಲ್ಲಿನ ಬುಡದಲ್ಲಿರುವ ಅರ್ಧಚಂದ್ರಾಕಾರದ ಗೆರೆಯ ಬಗ್ಗೆ ಹೇಳಿ ಮುಗಿಸಿದಾಗ ಮೊದಲ ಸಾಲಿನಿಂದ ಭಾವ ಎದ್ದ. ಭಾವ ಎಂದರೆ ಅಕ್ಕನ ಗಂಡ, ಆದರೆ ಅದಕ್ಕೂ ಮೊದಲು ಹಾಸ್ಟೆಲಿನ ಕೋಣೆಯ ಜೊತೆಗಾರ. ಅವನನ್ನು ನೋಡಲು ಬಂದಿದ್ದ ಅಕ್ಕನನ್ನು ಕಂಡು, ಪಾಚಿಯ ನೆಪ ಮಾಡಿಕೊಂಡು ಮನೆಗೆ ಬರತೊಡಗಿದವನು. ಕೆಂಪು ಪಾಚಿಗಳ ಕೈಪಿಡಿ ಬರೆದವನೂ ಅವನೇ, ಆ ಕೈಪಿಡಿಯಿಲ್ಲದೆ ಯಾರೂ ಈ ವಿಷಯದಲ್ಲಿ ಬಾಯಿ ತೆರೆಯುವಂತಿರಲಿಲ್ಲ. ಭಾವ ಹಾಳೆಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ, ತಲೆ ಓರೆ ಮಾಡಿದ, ಆಮೇಲೆ ಇಡೀ ಸಭೆಗೆ ಕೇಳುವಂತೆ, 'ಇದು ಹಲ್ಲಲ್ಲಪ್ಪ, ಹಲ್ಲಿನ ಗುರುತು' ಅಂದ. ಯಾವುದೋ ಹುಳ ಕಡಿದದ್ದನ್ನು ಬಾಮೈದ ಪ್ರಭೇದ ಮಾಡಿಬಿಟ್ಟಿದ್ದಾನೆ ಎಂದು ಸಭೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು; ಆಮೇಲೆ ನಗೆ ಹಿಂದಿನ ಸಾಲಿನವರೆಗೂ ಉರುಳಿತು, ತೂಕಡಿಸುತ್ತಿದ್ದವರು ಏಳುತ್ತಲೇ ನಗತೊಡಗಿದರು. ಅವನೂ ನಕ್ಕ. ಅದನ್ನು ಅವನು ಈವರೆಗೆ ತನಗೆ ಕ್ಷಮಿಸಿಕೊಂಡಿಲ್ಲ. ಮುಂದಿನ ಮುದ್ರಣದಲ್ಲಿ ಕೈಪಿಡಿ ದಂತುರವನ್ನು ಒಂದೇ ಸಾಲಿನಲ್ಲಿ ಮುಗಿಸಿತು: ಹಳೆಯದರದೇ ಇನ್ನೊಂದು ಹೆಸರು; ಅಂಚು ಪ್ರಾಣಿ ಕಡಿದದ್ದು.

ಅವತ್ತಿನಿಂದ ಅವನು ಹಲ್ಲು ಡಾಕ್ಟ್ರು. ಸಂಸ್ಥೆಯಲ್ಲಿ ಹುಟ್ಟಿದ ಹೆಸರು ಯಾವುದೋ ದಾರಿಯಲ್ಲಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಮೇಲಿನ ಮನೆಯ ಮುದುಕಿ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿ, ಕೆನ್ನೆ ಹಿಡಿದುಕೊಂಡು, ಬಾಯಿ ಅಗಲಿಸಿ ನಿಂತಳು. ವಿವರಿಸುವುದಕ್ಕೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಅವನು ಇಣುಕಿ ನೋಡಿ, ಒಳ್ಳೆಯ ಡಾಕ್ಟರಿಗೆ ತೋರಿಸಿ ಅಂದಿದ್ದ. 'ನೀವು ನೋಡಿದ್ರಲ್ಲ, ಈಗಲೇ ಅರ್ಧ ಕಮ್ಮಿಯಾಯ್ತು' ಎಂದು ಅವಳು ಹೋದಳು. ಭಾವನ ಜೊತೆ ಮಾತು ನಿಲ್ಲಲಿಲ್ಲ, ನಿಂತಿದ್ದರೆ ಚೆನ್ನಾಗಿರುತ್ತಿತ್ತು. ನೀನು ಹೋಗಿ ನೀವು ಬಂತು. ಹೋಗೋ ಬಾರೋ ಅಂದುಕೊಂಡಿದ್ದ ಇಬ್ಬರೂ ಒಬ್ಬರಿಗೊಬ್ಬರು ಬ್ಯಾಂಕಿನವರ ಹಾಗೆ ಮರ್ಯಾದೆ ಕೊಡತೊಡಗಿದರು. ಅಕ್ಕನ ಮಗಳ ಮದುವೆಯಲ್ಲಿ ಫೋಟೋದವನು, 'ಸರ್, ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ' ಎಂದು ಬೇಡಿಕೊಂಡು ಬೇಸತ್ತು ಕೊನೆಗೆ ಹಾಗೇ ತೆಗೆದಿದ್ದ. ಆ ಫೋಟೋದಲ್ಲಿ ಇಬ್ಬರ ನಡುವಿನ ಸಂದಿನಲ್ಲಿ ಯಾರದೋ ಮಗು ಐಸ್‌ಕ್ರೀಮ್ ತಿನ್ನುತ್ತಿರುವುದು ಪೂರ್ತಿ ಕಾಣುತ್ತದೆ.

ಕೋಣೆಗೆ ಬಂದು ಮೊದಲು ಹೆಂಡತಿಗೆ ಫೋನು ಮಾಡಿದ. ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹಿಂದೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ವಿಷಯ ಹೇಳಿದ. 'ಹೌದಾ!' ಅಂದಳು. ಆಮೇಲೆ, 'ಹಾಗಾದ್ರೆ ಇನ್ಮೇಲೆ ಯಾರ ಮೇಲೆ ಸಿಟ್ಟು ಮಾಡ್ಕೋತೀರಿ?' ಅವಳು ತಮಾಷೆಗೆ ಅಂದದ್ದು. ಅವನೂ ತಮಾಷೆಗೆ ನಕ್ಕು ಫೋನಿಟ್ಟ. ಇಟ್ಟ ಮೇಲೂ ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ. ನಿಜ, ಆ ಸಿಟ್ಟಿನ ಸುತ್ತ ಒಂದು ಸಂಸಾರವೇ ಬೆಳೆದಿತ್ತು. ಯಾವ ಸಮಾರಂಭಕ್ಕೆ ಹೋಗಬೇಕು, ಯಾವುದಕ್ಕೆ ಜ್ವರ ಬರಬೇಕು, ಬಡ್ತಿ ಬರದಿದ್ದರೆ ಯಾಕೆ ಬರಲಿಲ್ಲ, ಬಂದರೆ ಯಾಕೆ ತಡವಾಯಿತು, ಎಲ್ಲಕ್ಕೂ ಒಂದೇ ಉತ್ತರ ಸಿಗುತ್ತಿತ್ತು. ಅನ್ಯಾಯಕ್ಕೆ ಒಳಗಾದವನು ಎಂಬ ಒಂದು ಕೋಟು ಅವನ ಬಳಿ ಇತ್ತು. ಎಲ್ಲ ಋತುವಿಗೂ ಆಗುತ್ತಿತ್ತು, ಒಗೆಯುವ ಗೋಜೂ ಇರಲಿಲ್ಲ.

ಬಾಗಿಲಲ್ಲಿ ಒಬ್ಬೊಬ್ಬರಾಗಿ ತಲೆಗಳು ಕಾಣಿಸಿಕೊಂಡವು. ಲೆಕ್ಕಪತ್ರದವರು ಬಂದು ಕೈ ಕುಲುಕಿ, ಏನಕ್ಕೆ ಎಂದು ಕೇಳಿಕೊಂಡು ಹೋದರು. ನಿರ್ದೇಶಕರು ತಾವೇ ಬಂದರು. 'ನನಗೆ ಮೊದಲಿಂದಲೂ ಅನುಮಾನ ಇತ್ತು ಕಣ್ರಿ, ಅದು ಬೇರೇನೇ ಅಂತ' ಅಂದರು. ಅವತ್ತಿನ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಇವರೇ ಎಂದು ಅವನಿಗೆ ನೆನಪಿತ್ತು. ಯಾರು ಎಷ್ಟು ಹೊತ್ತು ನಕ್ಕರೆಂಬುದನ್ನು ಅವನು ಪಾಚಿಗಳಿಗಿಂತ ಶ್ರದ್ಧೆಯಿಂದ ವಿಂಗಡಿಸಿಟ್ಟಿದ್ದ. 'ನಿಮ್ಮ ಭಾವನಿಗೂ ಫೋನು ಮಾಡಿ ಹೇಳಿದೆ. ಪಾಪ, ಕಣ್ಣಿನ ಆಪರೇಷನ್ ಆಗಿ ಮನೇಲಿದಾರೆ. ಕೇಳಿ ತುಂಬ ಹೊತ್ತು ಸುಮ್ಮನಿದ್ರು.' ಆ ಮಾತಿಗೆ, ಬೆಳಗ್ಗೆಯಿಂದ ಬಾರದಿದ್ದ ಸಂತೋಷ ಎಲ್ಲೋ ಸಣ್ಣಗೆ ಮಿಸುಕಿತು. ತುಂಬ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ, ಆ ಸಂತೋಷವನ್ನು ಸ್ವಲ್ಪ ದೊಡ್ಡದು ಮಾಡಿಕೊಳ್ಳೋಣವೆಂದು ಕಪಾಟು ತೆರೆದ. ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಜೀನ್ ಮೇಡಂ ಎರಡೂ ಪ್ರಭೇದದ ಎಲ್ಲ ಹಾಳೆಗಳಿಂದ ಚಿಟಿಕೆ ಚಿಟಿಕೆ ಕಿತ್ತು ಒಯ್ದಿದ್ದರು, ಯಾವ ಹಾಳೆ ಯಾವ ಕೊಂಬೆಗೆ ಎಂಬ ಚಿತ್ರ ಕಳಿಸಿದ್ದರು. ಅದನ್ನು ಮುಂದಿಟ್ಟುಕೊಂಡು ಉದ್ದನೆಯ ಮೇಜಿನ ಮೇಲೆ ಹಾಳೆಗಳನ್ನು ಜೋಡಿಸತೊಡಗಿದ. ಎಡಕ್ಕೆ ಹಳೆಯದು, ಬಲಕ್ಕೆ ತನ್ನದು. ಅವನು ಹೆಸರಿಟ್ಟ ಮೊದಲ ಹಾಳೆ ಬಲಕ್ಕೆ ಬಂತು, ಹಲ್ಲು ಕಿರಿದುಕೊಂಡು. ಎರಡನೆಯದೂ ಬಂತು. ಮೂರನೆಯದರ ಅಂಚು ನುಣುಪಾಗಿತ್ತು. ಸಂಖ್ಯೆ ತಪ್ಪಿರಬೇಕೆಂದು ಮತ್ತೆ ನೋಡಿದ, ತಪ್ಪಿರಲಿಲ್ಲ. ಹಿಂದೊಮ್ಮೆ ತಾನೇ, ಇದಕ್ಕೆ ಹಲ್ಲಿಲ್ಲ, ಇದು ನಮ್ಮದಲ್ಲ ಎಂದು ತಿರಸ್ಕರಿಸಿದ ಹಾಳೆ ಅದು. ಮುಂದಿನದು ಎಡಕ್ಕೆ ಹೋಗಬೇಕಾದದ್ದು, ಅಂಚಿನ ತುಂಬ ಹಲ್ಲು. ಅದನ್ನು ಕೈಯಲ್ಲಿ ಹಿಡಿದು, ಎಡಕ್ಕಿಡದೆ ಬಲಕ್ಕೂ ಇಡದೆ, ನೆಂಟರ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದವನಂತೆ ನಿಂತ. ಎಲ್ಲವನ್ನೂ ಜೋಡಿಸಿ ಮುಗಿಸಿದಾಗ ಎರಡೂ ಕಡೆ ಹಲ್ಲಿದ್ದವು ಇದ್ದವು, ಎರಡೂ ಕಡೆ ಇಲ್ಲದವು ಇದ್ದವು.

ಕುರ್ಚಿ ಎಳೆದುಕೊಂಡು ಮೈಕ್ರೋಸ್ಕೋಪಿನ ಮುಂದೆ ಕೂತ. ಹಲ್ಲಿನ ಬುಡದ ಚೂರೊಂದನ್ನು ನೀರಿನಲ್ಲಿ ನೆನೆಹಾಕಿ, ಬ್ಲೇಡಿನಿಂದ ತೆಳ್ಳಗೆ ಕೊಯ್ದು ನೋಡಿದ. ಅಂಚಿನ ಸಣ್ಣ ಕೋಶಗಳ ಸಾಲು ಒಂದು ಕಡೆ ಕಡಿದುಹೋಗಿತ್ತು. ಕಡಿದಲ್ಲಿಂದ ಹೊಸ ಕೋಶಗಳು ಅವಸರವಸರವಾಗಿ, ಸಾಲು ತಪ್ಪಿ, ಹೊರಕ್ಕೆ ಬೆಳೆದಿದ್ದವು. ಮಾಯ್ದ ಗಾಯ. ಅಕ್ಕಿಕಾಳಿನಷ್ಟು ದಪ್ಪದ, ಸಿಗಡಿಯಂಥ ಯಾವುದೋ ಜೀವಿ ಹಸಿದು ಅಂಚನ್ನು ಅರ್ಧಚಂದ್ರದ ಹಾಗೆ ಕಚ್ಚಿತ್ತು, ಪಾಚಿ ಅಲ್ಲಿಂದ ಮತ್ತೆ ಚಿಗುರಿತ್ತು. ಆ ಅರ್ಧಚಂದ್ರದ ಗೆರೆಯನ್ನು ಅವನು ಹೊಸದಾಗಿ ಕಾಣುತ್ತಿರಲಿಲ್ಲ. ಅದನ್ನು ಹಲ್ಲಿನ ಬೇರು ಎಂದುಕೊಂಡು, ಮತ್ತಾವ ಪ್ರಭೇದದಲ್ಲೂ ಇಲ್ಲದ ಲಕ್ಷಣವೆಂದು ಬರೆದು, ಅದರ ಚಿತ್ರವನ್ನು ತಾನೇ ಎರಡು ವಾರ ಕೂತು ಬಿಡಿಸಿದ್ದ. ಚಿತ್ರ ಚೆನ್ನಾಗಿ ಬಂದಿತ್ತು. ಎಲ್ಲರೂ ಹೊಗಳಿದ್ದರು.

ಮೆಟ್ಟಿಲಿಳಿದು ಜೀನ್ ಲ್ಯಾಬಿಗೆ ಹೋದ. ಜೀನ್ ಮೇಡಂ ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಮನೆಯಲ್ಲಿದ್ದ ಅವಳಿ ಮಕ್ಕಳಲ್ಲಿ ಯಾರು ಯಾರಿಗೆ ಹೊಡೆದರು ಎಂಬುದನ್ನು ವಿಚಾರಿಸುತ್ತಿದ್ದರು. ತೀರ್ಪು ಕೊಟ್ಟು ಫೋನಿಟ್ಟ ಮೇಲೆ ಅವನು ಹೇಳಿದ: 'ಹಲ್ಲಿಗೂ ಪ್ರಭೇದಕ್ಕೂ ಸಂಬಂಧ ಇಲ್ಲ.'

'ಗೊತ್ತು ಸರ್. ನಾನೂ ನೋಡ್ದೆ.'

'ಹೇಳ್ಲಿಲ್ವಲ್ಲ.'

'ನೀವು ಅಷ್ಟು ಖುಷಿಯಾಗಿದ್ರಿ.'

ತಾನು ಯಾವಾಗ ಖುಷಿಯಾಗಿದ್ದೆ ಎಂದು ಅವನು ಯೋಚಿಸಿದ. 'ಹಾಗಾದ್ರೆ ನಾನು ಸರಿ ಆಗಿದ್ದು ಹೇಗೆ?'

'ಅದೃಷ್ಟ' ಅಂದರು ಮೇಡಂ, ಬಿಸ್ಕತ್ತನ್ನು ಅವನ ಕಡೆಗೆ ಚಾಚಿ. 'ಹೆಸರು ಯಾವಾಗಲೂ ಮೊದಲ ಹಾಳೆಗೇ ಅಂಟಿರತ್ತಲ್ಲ. ನೀವು ಹೆಸರಿಟ್ಟ ಮೊದಲ ಹಾಳೆ ಅಕಸ್ಮಾತ್ ಬೇರೆ ಪ್ರಭೇದದ್ದು. ಅಕಸ್ಮಾತ್ ಅದಕ್ಕೆ ಹುಳ ಕಡಿದಿತ್ತು. ಪಕ್ಕದ ಹಾಳೆ ತಗೊಂಡಿದ್ರೆ ಅದಕ್ಕೂ ಹಲ್ಲಿತ್ತು, ಆದ್ರೆ ಅದು ಹಳೇದು. ಆಗ ನಿಮ್ಮ ಹೆಸರು ಇವತ್ತು ಹೋಗ್ತಾ ಇತ್ತು. ಈಗ ಉಳೀತಲ್ಲ, ತಗೊಳ್ಳಿ.'

'ಹಲ್ಲೇ ಇಲ್ಲದ್ದಕ್ಕೆ ದಂತುರ ಅಂತ ಹೆಸರು.'

'ನಿಯಮ ನಿಮಗೆ ಗೊತ್ತಲ್ಲ. ಒಪ್ಪಲ್ಲ ಅಂತ ಹೆಸರು ಬದಲಾಯಿಸೋ ಹಾಗಿಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಕಡಲ ನೋಟ ಅಂತ ಹೆಸರಿಟ್ಟಿದಾರೆ. ಕಿಟಕಿ ತೆಗೆದ್ರೆ ಗ್ಯಾರೇಜು ಕಾಣತ್ತೆ. ಯಾರೂ ತಕರಾರು ಮಾಡಿಲ್ಲ.' ಆಮೇಲೆ, ಅವನ ಮುಖ ನೋಡಿಯೋ ಏನೋ, ದನಿ ತಗ್ಗಿಸಿ ಹೇಳಿದರು: 'ಎರಡಕ್ಕೂ ಆಕಾರದಲ್ಲಿ ಏನಾದ್ರೂ ನಿಜವಾದ ವ್ಯತ್ಯಾಸ ಇದ್ದೇ ಇರತ್ತೆ ಸರ್. ತೊಟ್ಟಿನಲ್ಲೋ ಬೀಜಕದಲ್ಲೋ. ಅದನ್ನ ಹುಡುಕೋದು ನನ್ನ ಕೈಲಾಗಲ್ಲ. ನಿಮಗೆ ಮಾತ್ರ ಆಗೋದು.' ಅದು ಸಮಾಧಾನದ ಮಾತೋ ಸತ್ಯವೋ ಎಂದು ಅವನಿಗೆ ಗೊತ್ತಾಗಲಿಲ್ಲ. ಬಿಸ್ಕತ್ತು ತಿನ್ನುತ್ತ ಮೇಲಕ್ಕೆ ಬಂದ. ತನ್ನ ಮೇಲೆ ಇಷ್ಟು ಜನ ಇಷ್ಟು ಕನಿಕರ ತೋರಿಸಿದ ದಿನ ಇನ್ನೊಂದಿರಲಿಲ್ಲ, ಸೋತಾಗ ಕೂಡ.

ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅಕ್ಕ. 'ಸಾಯಂಕಾಲ ಬಾರೋ. ನಿನ್ನ ಭಾವ ನಿನ್ನ ಹತ್ರ ಏನೋ ಹೇಳ್ಬೇಕಂತೆ.' ಜ್ವರ ಎನ್ನುವುದಕ್ಕೆ ಅವನು ಬಾಯಿ ತೆರೆದ. 'ಜ್ವರ ಅನ್ಬೇಡ. ನಿನಗೆ ಜ್ವರ ಅಂದ್ರೆ ನಾನೇ ಅವರನ್ನ ಟ್ಯಾಕ್ಸೀಲಿ ಹಾಕ್ಕೊಂಡು ಬಂದುಬಿಡ್ತೀನಿ, ಕಪ್ಪು ಕನ್ನಡಕದ ಸಮೇತ. ನಿಮ್ಮಿಬ್ಬರ ನಡುವೆ ಓಡಾಡಿ ಓಡಾಡಿ ನನಗೆ ವಯಸ್ಸಾಯ್ತು ಕಣೋ.' ಕೊನೆಯ ಮಾತನ್ನು ಅವಳು ನಗುತ್ತಲೇ ಹೇಳಿದ್ದು. 'ಬರ್ತೀನಿ' ಅಂದ.

ಬಸ್ಸಿನಲ್ಲಿ, ಮುಂದಿನ ಸೀಟು ಹಿಡಿದು ಕೂತು, ಏನು ಹೇಳಬೇಕೆಂದು ಹೊಂದಿಸಿಕೊಂಡ. ಹೇಳುವಂಥದ್ದು ಏನೂ ಇರಲಿಲ್ಲ, ಅದೇ ಅನುಕೂಲ. ಭಾವ ಕ್ಷಮೆ ಕೇಳುತ್ತಾನೆ, ಇವನು ಇರಲಿ ಬಿಡಿ ಅನ್ನುತ್ತಾನೆ, ಅಕ್ಕ ಕಣ್ಣೊರೆಸಿಕೊಳ್ಳುತ್ತಾಳೆ. ಎರಡು ಶಬ್ದದ ಕೆಲಸ. ಆ ದೃಶ್ಯವನ್ನು ಅವನು ಸ್ನಾನ ಮಾಡುತ್ತ, ಹಲ್ಲುಜ್ಜುತ್ತ, ನಿದ್ದೆ ಬಾರದೆ ಮಗ್ಗುಲು ಬದಲಿಸುತ್ತ ಅದೆಷ್ಟೋ ಸಲ ಆಡಿದ್ದ. ಒಂದೊಂದರಲ್ಲಿ ಭಾವ ಅಳುತ್ತಿದ್ದ, ಇವನು ಬೆನ್ನು ಸವರುತ್ತಿದ್ದ. ಹುಳದ ವಿಷಯ ಹೇಳಲೇಬೇಕೆಂದು ಯಾರೂ ಕಟ್ಟು ಮಾಡಿಲ್ಲ. ಪ್ರಬಂಧದಲ್ಲಿ ಹೇಗೂ ಬರುತ್ತದೆ, ಸಣ್ಣ ಅಕ್ಷರದಲ್ಲಿ. ಕಣ್ಣಿನ ಆಪರೇಷನ್ ಆದವನು ಸಣ್ಣ ಅಕ್ಷರ ಓದುವುದು ಯಾವಾಗಲೋ. ಹೀಗೆ ಯೋಚಿಸುತ್ತಿರುವುದು ತಾನೇ ಎಂದು ತಿಳಿದು ಅವನಿಗೆ ಮುಖ ಬಿಸಿಯಾಯಿತು, ಪಕ್ಕದಲ್ಲಿ ಕೂತಿದ್ದ ಹೆಂಗಸು ಕಿಟಕಿ ಸ್ವಲ್ಪ ತೆರೆದುಕೊಟ್ಟಳು.

ಭಾವ ಕೈಯಿರುವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಮುಖಕ್ಕಿಂತ ದೊಡ್ಡದಾದ ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಮನೆಯಲ್ಲೇ ಇರುವವನು ಇಸ್ತ್ರಿ ಅಂಗಿ ಯಾಕೆ ಹಾಕಿಕೊಂಡ ಎಂದು ಹೊಳೆದಾಗ ಅವನು ಬಸ್ಸಿನಲ್ಲಿ ಮುದುರಿದ್ದ ತನ್ನ ಅಂಗಿಯ ಅಂಚನ್ನು ಕೆಳಕ್ಕೆ ಎಳೆದುಕೊಂಡ. 'ಬನ್ನಿ' ಅಂದ ಭಾವ, ಸ್ವಲ್ಪ ಆಚೆ ಗೋಡೆಯನ್ನು ನೋಡುತ್ತ. 'ಕೂತ್ಕೊಳ್ಳಿ.' ಅಕ್ಕ ಅಡುಗೆಮನೆಗೆ ಹೋಗಿ ತಾನು ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲು ಪಾತ್ರೆಗಳನ್ನು ಸದ್ದು ಮಾಡಿದಳು. ಮಾತು ಶುರುವಾಗುತ್ತಲೇ ಆ ಸದ್ದು ನಿಂತಿತು.

'ನಾನು ಒಂದು ವಿಷಯ ಹೇಳ್ಬೇಕು' ಅಂದ ಭಾವ. 'ನಡುವೆ ಮಾತಾಡ್ಬೇಡಿ, ಮರ್ತುಹೋಗತ್ತೆ. ನಿಮ್ಮ ಪ್ರಭೇದವನ್ನ ನನ್ನ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ತೆಗೆದುಹಾಕಿದೆ. ಅದು ತಪ್ಪು. ನಾಲ್ಕು ಜನರ ಮುಂದೆ ನಿಮ್ಮನ್ನ ನಗೆಪಾಟಲು ಮಾಡಿದೆ. ಅದೂ ತಪ್ಪು. ಹೊಸ ಮುದ್ರಣದಲ್ಲಿ ತಿದ್ದಿ ಬರೀತೀನಿ. ಕ್ಷಮಿಸ್ಬೇಕು.' ಕೊನೆಯ ಶಬ್ದ ಕೆಮ್ಮಿನ ಜೊತೆ ಹೊರಬಿತ್ತು.

ಇರಲಿ ಬಿಡಿ ಎಂಬ ಎರಡು ಶಬ್ದ ಅವನ ನಾಲಿಗೆಯ ತುದಿಯಲ್ಲೇ ಇದ್ದವು. 'ಅವು ಹಲ್ಲಲ್ಲ' ಅಂದ.

'ಏನು?'

'ಹಲ್ಲಲ್ಲ. ಹುಳ ಕಡಿದದ್ದೇ. ಇವತ್ತು ಕೊಯ್ದು ನೋಡ್ದೆ. ಎರಡು ಪ್ರಭೇದದಲ್ಲೂ ಇದೆ, ಎರಡರಲ್ಲೂ ಇಲ್ಲದ್ದೂ ಇದೆ. ನೀವು ಹೇಳಿದ್ದೇ ಸರಿ.'

ಭಾವ ಕಪ್ಪು ಕನ್ನಡಕವನ್ನು ಅವನ ಕಡೆಗೆ ತಿರುಗಿಸಿದ. 'ಪ್ರಭೇದ ಬೇರೆ ತಾನೇ?'

'ಬೇರೆ.'

'ಹಾಗಾದ್ರೆ ನೀವು ಸರಿ. ಮುಗೀತು.'

'ಕಾರಣ ತಪ್ಪು.'

'ಕಾರಣ ಯಾರು ಕೇಳ್ತಾರೆ?'

'ನಾನು ಕೇಳ್ತೀನಿ. ನನ್ನದು ಅಕಸ್ಮಾತ್ ಸರಿಹೋಯ್ತು. ನೀವು ನೋಡಿ ಹೇಳಿದ್ರಿ.'

'ಬೆಳಗ್ಗಿಂದ ಬಾಯಿಪಾಠ ಮಾಡಿದೀನಿ ಕಣಯ್ಯ!' ಭಾವ ಕುರ್ಚಿಯ ಕೈ ಗುದ್ದಿದ. 'ನಾಲ್ಕು ಮಾತು ಕ್ಷಮೆ ಕೇಳೋಕೂ ಬಿಡಲ್ವಲ್ಲ ನೀನು! ಕಚ್ಚಿದ ಕಡೆ ಹಲ್ಲಿನ ಹಾಗೆ ಬೆಳೆಯೋ ಗುಣ ಇದ್ರೆ ಅದೂ ಒಂದು ಲಕ್ಷಣವೇ. ಹಾಗಂತ ಬರಿ.'

'ಕಚ್ಚಿದ್ರೆ ಎಲ್ಲ ಪಾಚೀನೂ ಹಾಗೇ ಬೆಳೆಯತ್ತೆ. ನಿನ್ನ ಪುಸ್ತಕದಲ್ಲೇ ಬರ್ದಿದೀಯ.'

'ನನ್ನ ಪುಸ್ತಕ ಸುಡು! ಅದರಲ್ಲಿ ಇರೋದೆಲ್ಲ ಸರಿ ಅಂತ ಯಾರು ಹೇಳಿದ್ದು?'

'ನೀನೇ ಹೇಳಿದ್ದು!'

ಅಕ್ಕ ಕೈಯಲ್ಲಿ ಚಾಕು ಹಿಡಿದೇ ಓಡಿ ಬಂದಳು. 'ಮತ್ತೆ ಶುರುವಾಯ್ತಾ? ಏನಂತೆ ಈಗ?'

'ನೋಡೇ ಇವನನ್ನ' ಅಂದ ಭಾವ, 'ನಾನು ಸರಿ ಅಂತಾನೆ!'

'ಇಲ್ಲ ಅಕ್ಕ, ಇವನು ನಾನು ಸರಿ ಅಂತಾನೆ.'

ಅಕ್ಕ ಒಬ್ಬರಿಂದ ಒಬ್ಬರಿಗೆ ಮುಖ ತಿರುಗಿಸಿದಳು. 'ಮತ್ತೆ ಜಗಳ ಯಾಕೆ?' ಅಂದಳು. ಅವಳು ನಿಟ್ಟುಸಿರು ಬಿಟ್ಟು, ಒಳಗೆ ಒಲೆಯ ಮೇಲೆ ಏನೋ ಸೀದುಹೋಗುತ್ತಿದೆ ಎಂದು ನೆನಪಾಗಿ ಹೋದಳು.

ಭಾವ ತುಂಬ ಹೊತ್ತು ಸುಮ್ಮನಿದ್ದ. ತುಂಬ ಹೊತ್ತು ಎಂದರೆ ಇಷ್ಟು ಎಂದು ಅವನಿಗೆ ಈಗ ಗೊತ್ತಾಯಿತು, ಅದನ್ನು ಅಳೆದು ಖುಷಿಪಡುವ ಆಸೆ ಮಾತ್ರ ಎಲ್ಲೋ ಹೋಗಿತ್ತು. ಆಮೇಲೆ ಭಾವ, 'ನಾನು ನೋಡಿರ್ಲಿಲ್ಲ ಕಣೋ' ಅಂದ.

'ಏನನ್ನ?'

'ನಿನ್ನ ಹಾಳೆ. ಅವತ್ತು. ಕನ್ನಡಕ ಮನೇಲಿ ಮರ್ತು ಬಂದಿದ್ದೆ. ಬೆಳಕಿಗೆ ಹಿಡಿದೆ, ಕೆಂಪಗೆ ಏನೋ ಕಂಡಿತು, ಅಷ್ಟೇ. ಊಟ ಆಗಿತ್ತು, ಜನ ತೂಕಡಿಸ್ತಿದ್ರು. ಆ ಮಾತು ಬಾಯಿಗೆ ಬಂತು. ಚೆನ್ನಾಗಿತ್ತು ಮಾತು. ಅಂದುಬಿಟ್ಟೆ.'

'ಆಮೇಲಾದ್ರೂ?'

'ಆಮೇಲೆ ಎಲ್ಲರೂ ನಕ್ಕಿದ್ರಲ್ಲ, ಪುಸ್ತಕದಲ್ಲಿ ಹಾಕಲೇಬೇಕಾಯ್ತು. ಲೆ‌ನ್ಸಿನಲ್ಲಿ ನೋಡಿದ್ರೆ ನಿಜವಾಗ್ಲೂ ಹಲ್ಲೇ ಕಂಡ್ರೆ ಏನು ಮಾಡೋದು ಅಂತ ಹೆದರಿಕೆ. ನೋಡಲೇ ಇಲ್ಲ. ಇವತ್ತು ನಿಮ್ಮ ನಿರ್ದೇಶಕರು ಫೋನು ಮಾಡಿ, ನೀವು ತಪ್ಪು ಅಂತೆ ಅಂದಾಗ, ಒಂಥರಾ ಹಗುರ ಆಯ್ತು. ಈಗ ನೀನು ಬಂದು ನಾನು ಸರಿ ಅಂತಿದೀಯ.'

ಎದ್ದು ಹೋಗಬಹುದಿತ್ತು. ಇಷ್ಟು ವರ್ಷ ಹೊತ್ತು ತಿರುಗಿದ್ದು ಬರೀ ಒಂದು ತಪ್ಪು ಕಾರಣದ ಸಿಟ್ಟು. ಇದೋ ಈಗ ಅಪ್ಪಟ ಕಾರಣವೇ ಸಿಕ್ಕಿತ್ತು. ನೋಡದೆ ನಗಿಸಿದವನು, ನೋಡದೆ ಬರೆದವನು ಎದುರಿಗೇ ಕೂತಿದ್ದ. ಅವನು ಸಿಟ್ಟು ಬರಲಿ ಎಂದು ಕಾದ. ಅದರ ಬದಲಿಗೆ ನೆನಪಿಗೆ ಬಂದದ್ದು ಅಮ್ಮನ ಕೊನೆಯ ದಿನಗಳ ಆಸ್ಪತ್ರೆಯ ಕಾರಿಡಾರು. ಅಮ್ಮ ಒಳಗೆ ಮಲಗಿದ್ದಳು. ಮುನಿಸು ಅವಳಿಗೆ ತಿಳಿಯದಿರಲೆಂದು ಅವಳ ಮುಂದೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ಹವಾಮಾನ, ಕ್ರಿಕೆಟ್ಟು ಎಂದು ಬಾಯಿಗೆ ಬಂದದ್ದು ಹರಟುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡೇ, 'ಸಾಕು ನಿಲ್ಲಿಸ್ರೋ, ತಲೆನೋವು' ಅಂದಿದ್ದಳು. ಅವಳು ಹೋದ ಬೆಳಿಗ್ಗೆ, ಎಲ್ಲ ಮುಗಿದ ಮೇಲೆ, ಭಾವ ಎಲ್ಲಿಂದಲೋ ಕಾಗದದ ಲೋಟದಲ್ಲಿ ಚಹಾ ತಂದು ಅವನ ಮುಂದೆ ಹಿಡಿದಿದ್ದ. ಬಿಸಿಗೆ ಬೆರಳು ಬದಲಿಸುತ್ತ ಹಿಡಿದೇ ನಿಂತಿದ್ದ. 'ಬೇಡ, ನೀವು ತಗೊಳ್ಳಿ' ಎಂದು ಅವನು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇರಿಸಿದ್ದ. ಆರಿ, ಕೆನೆ ಕಟ್ಟಿ, ಸಂಜೆ ಯಾರೋ ಎತ್ತಿ ಚೆಲ್ಲುವವರೆಗೂ ಅದು ಅಲ್ಲೇ ಇತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

'ಅಮ್ಮ ಹೋದ ದಿನ' ಅಂದ, ದನಿ ತನ್ನದಲ್ಲವೆನಿಸಿತು, 'ನೀನು ಚಹಾ ತಂದ್ಕೊಟ್ಟಿದ್ದೆ. ನಾನು ಕುಡೀಲಿಲ್ಲ.'

ಭಾವ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದ. ಪ್ರಾಮಾಣಿಕವಾಗಿಯೇ ನೋಡಿದ. 'ನಾನಾ? ಚಹಾನಾ?' ಅಂದ. 'ಯಾಕೆ ಕುಡೀಲಿಲ್ಲ? ಸಕ್ಕರೆ ಜಾಸ್ತಿ ಆಗಿತ್ತಾ?'

ಅವನಿಗೆ ನಗು ಬಂತೋ ಇನ್ನೇನೋ ಬಂತೋ, ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದು ಒಂದು ಪುಟ್ಟ ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದಳು. 'ಔಷಧಿ ಹೊತ್ತಾಯ್ತು. ನಾನು ಮೆಣಸಿನಕಾಯಿ ಹೆಚ್ಚಿದ ಕೈ. ನೀನೇ ಹಾಕೋ. ಒಂದೇ ಹನಿ, ಬಲಗಣ್ಣಿಗೆ.'

ಅವನು ಎದ್ದು ಭಾವನ ಕನ್ನಡಕ ತೆಗೆದ. ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತು. ಹುಬ್ಬು ನರೆತಿತ್ತು, ಮೂಗಿನ ಮೇಲೆ ಕನ್ನಡಕದ ಗುಳಿ ಬಿದ್ದಿತ್ತು. ಗಲ್ಲ ಹಿಡಿದು ತಲೆಯನ್ನು ಹಿಂದಕ್ಕೆ ಬಾಗಿಸಿದ. ಒಣ ಹಾಳೆಗಳನ್ನು ಹರಿಯದಂತೆ ಎತ್ತಿ ಎತ್ತಿ ಪಳಗಿದ ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದ. ಕೆಂಪಾದ, ನೀರು ತುಂಬಿದ ಕಣ್ಣು ಅವನ ಕಡೆಗೆ ತಿರುಗಿ, ಏನನ್ನೋ ಸರಿಮಾಡಿಕೊಂಡು, ನಿಂತಿತು.

'ಈಗ ಕಾಣತ್ತಾ?' ಅಂದ.

'ಚೆನ್ನಾಗಿ ಕಾಣತ್ತೆ' ಅಂದ ಭಾವ. 'ನಿನ್ನ ತಲೇಲಿ ಕೂದಲೇ ಇಲ್ಲವಲ್ಲೋ.'

'ಅಲ್ಲಾಡ್ಬೇಡ.'

'ಮೆಲ್ಲಗೆ ಹಾಕೋ ಮಹರಾಯ. ಉರಿಯತ್ತೆ ಅದು.'

'ಉರೀಲಿ' ಎಂದು ಅವನು ಸೀಸೆ ಒತ್ತಿದ.